ಫಾಲ್ ಬಾಲ್, ಚಳಿಗಾಲದ ತರಬೇತಿ, ಮತ್ತು ಹನ್ನೊಂದು ವರ್ಷದ ಹುಡುಗನ ಮೊಣಕೈ

ಪ್ರಶ್ನೆ: ನಾವು ನ್ಯೂ ಜೆರ್ಸಿಯಲ್ಲಿ ನೆಲೆಸಿದ್ದೇವೆ. ಕಳೆದ ಜುಲೈಗೆ ನಮ್ಮ ಮಗನಿಗೆ ಹನ್ನೊಂದು ತುಂಬಿತು. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವ) ಮತ್ತು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವವ) ಎರಡೂ ಆಗಿ ಆಡುತ್ತಾನೆ. ಜೂನ್‌ವರೆಗೆ ಸ್ಪ್ರಿಂಗ್ ಸೀಸನ್, ಜುಲೈ ಕೊನೆಯವರೆಗೆ ಟೂರ್ನಮೆಂಟುಗಳು ನಡೆದವು. ಆಗಸ್ಟ್ ಪೂರ್ತಿ ಮೈಸೂರಿನ ಅಜ್ಜಿ ಮನೆಯಲ್ಲಿದ್ದ, ಚೆಂಡು ಮುಟ್ಟಲಿಲ್ಲ. ಈಗ ಲಿಟಲ್ ಲೀಗ್‌ನ ಫಾಲ್ ಬಾಲ್, ಅಂದರೆ ಶರತ್ಕಾಲದ ಆಟ, ಇದೆ. ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡದವರು ವಾರಾಂತ್ಯದ ಟೂರ್ನಮೆಂಟುಗಳಿಗೂ, ನವೆಂಬರ್‌ನಿಂದ ಒಳಾಂಗಣ ಪಿಚಿಂಗ್ ತರಬೇತಿಗೂ ಸೇರಿಸಿ, ಇಲ್ಲದಿದ್ದರೆ ಹಿಂದೆ ಬೀಳುತ್ತಾನೆ ಎನ್ನುತ್ತಿದ್ದಾರೆ. ದಾವಣಗೆರೆಯಲ್ಲಿ ಕಾಲೇಜು ಕ್ರಿಕೆಟ್ ಆಡಿದ ನಮ್ಮ ಯಜಮಾನರು ದಿನಾ ಎಸೆದರೆ ತೋಳು ಗಟ್ಟಿಯಾಗುತ್ತದೆ ಎನ್ನುತ್ತಾರೆ. ಮಗನಿಗೆ ಶಾಲೆಯ ಗೆಳೆಯರೊಂದಿಗೆ ಸಾಕರ್ ಆಡುವ ಆಸೆ. ಪಿಚ್ ಮಾಡಿದ ದಿನ ರಾತ್ರಿ ಮೊಣಕೈಯ ಒಳಬದಿ ನೋಯುತ್ತದೆ ಎನ್ನುತ್ತಾನೆ, ಬೆಳಗಾಗುವಷ್ಟರಲ್ಲಿ ಸರಿಹೋಗಿರುತ್ತದೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಬಂದಿರುವ ಮೊಣಕೈ ನೋವಿನ ಮಾತಿನಿಂದಲೇ ನಾನು ಆರಂಭಿಸಬೇಕಾಗಿದೆ, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳ ಉತ್ತರವೂ ಅದನ್ನೇ ಅವಲಂಬಿಸಿದೆ. ಎಸೆಯುವ ಕೈಯ ಮೊಣಕೈ ಒಳಬದಿಯಲ್ಲಿ ಹನ್ನೊಂದು ವರ್ಷದ ಮಗುವಿಗೆ ಪದೇಪದೇ ನೋವು ಬರುತ್ತಿದ್ದರೆ, ಬೆಳಗ್ಗೆ ಅದು ಮಾಯವಾಗುತ್ತದೆ ಎಂಬ ಕಾರಣಕ್ಕೆ ಸುಮ್ಮನಿರಬಾರದು. ಮಕ್ಕಳ ಮೂಳೆ ಮತ್ತು ಕ್ರೀಡಾ ಗಾಯಗಳನ್ನು ನೋಡುವ ವೈದ್ಯರನ್ನು ಈ ವಾರವೇ ಕಾಣಿರಿ; ಅವರು ಬಹುಶಃ ಎರಡೂ ಮೊಣಕೈಗಳ ಎಕ್ಸ್-ರೇ ತೆಗೆಸಿ ಹೋಲಿಸಿ ನೋಡುತ್ತಾರೆ. ಅವರು ಆಗಬಹುದು ಎನ್ನುವವರೆಗೆ ಪಿಚಿಂಗ್ ಮಾತ್ರವಲ್ಲ, ಯಾವ ಸ್ಥಾನದಿಂದಲೂ ಜೋರಾದ ಎಸೆತ ಬೇಡ. ನೋವಿನ ಮಾತ್ರೆ ಕೊಟ್ಟು ಆಟಕ್ಕೆ ಕಳುಹಿಸುವುದಂತೂ ಖಂಡಿತ ಕೂಡದು. ಒಳಗಿನ ಪೆಟ್ಟು ಹಾಗೆಯೇ ಇದ್ದು, ಅದರ ಸುಳಿವು ಮಾತ್ರ ಮರೆಯಾಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಿಚರ್ ತೋಳನ್ನು ಹಿಂದಕ್ಕೆ ಒಯ್ದು ಮುಂದಕ್ಕೆ ಬೀಸುವಾಗ ದೇಹ ಮತ್ತು ಭುಜ ಮೊದಲು ಮುಂದೆ ಬರುತ್ತವೆ, ಮುಂಗೈ ಹಿಂದೆ ಉಳಿಯುತ್ತದೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆದಂತೆ ಎಳೆತಕ್ಕೆ ಒಳಗಾಗುತ್ತದೆ. ದೊಡ್ಡವರಲ್ಲಿ ಈ ಎಳೆತವನ್ನು ಮುಖ್ಯವಾಗಿ ತಡೆಯುವುದು ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ. ಮಕ್ಕಳಲ್ಲಿ ಅದೇ ಪಟ್ಟಿ ಬಂದು ಅಂಟಿಕೊಂಡಿರುವ ಮೂಳೆಯ ತುದಿ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ಮೂಳೆಗೂ ಆ ತುದಿಗೂ ನಡುವೆ ಮೃದ್ವಸ್ಥಿಯ ಒಂದು ಪದರ ಇರುತ್ತದೆ, ಬೆಳವಣಿಗೆ ನಡೆಯುವುದು ಅಲ್ಲೇ. ಈ ಪದರ ಲಿಗಮೆಂಟಿಗಿಂತ ದುರ್ಬಲ. ಆದ್ದರಿಂದ ಅತಿಯಾಗಿ ಎಸೆದಾಗ ಮಕ್ಕಳಲ್ಲಿ ಮೊದಲು ಕೆರಳುವುದು, ಕೆಲವೊಮ್ಮೆ ಬಿರಿಯುವುದು ಇದೇ. ಇದು ಎಷ್ಟು ಸಾಮಾನ್ಯವೆಂದರೆ ಅಮೆರಿಕದ ವೈದ್ಯರು ಇದನ್ನು ‘ಲಿಟಲ್ ಲೀಗ್ ಎಲ್ಬೋ’ ಎಂದೇ ಕರೆಯುತ್ತಾರೆ. ಬೇಗ ಗುರುತಿಸಿದರೆ ಹೆಚ್ಚಿನ ಮಕ್ಕಳಿಗೆ ಕೆಲವು ವಾರಗಳ, ಇಲ್ಲವೇ ಒಂದೆರಡು ತಿಂಗಳ ವಿಶ್ರಾಂತಿಯೇ ಔಷಧ.

ನಿಮ್ಮ ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕಂಡ ಆಟದಲ್ಲಿ ಅದಕ್ಕೆ ಆಧಾರವಿದೆ. ಆದರೆ ಕ್ರಿಕೆಟ್‌ನ ಬೌಲಿಂಗಿಗೂ ಬೇಸ್‌ಬಾಲ್‌ನ ಪಿಚಿಂಗಿಗೂ ತೋಳಿನ ಕೆಲಸವೇ ಬೇರೆ. ಬೌಲರ್ ಓಡಿ ಬಂದು ತೋಳನ್ನು ಹೆಚ್ಚುಕಡಿಮೆ ನೇರವಾಗಿಟ್ಟು ಸುತ್ತುತ್ತಾನೆ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅದು ಎಸೆತವೆನಿಸಿ ನಿಯಮಬಾಹಿರವಾಗುತ್ತದೆ. ಪಿಚರ್ ನಿಂತಲ್ಲಿಂದಲೇ, ಬಾಗಿಸಿದ ಮೊಣಕೈಯನ್ನು ಚಾಟಿಯಂತೆ ಬಿಡಿಸುತ್ತಾನೆ. ವೇಗದ ಬೌಲರ್ ಹುಡುಗರಿಗೆ ಸೊಂಟದ ಬಳಿಯ ಬೆನ್ನೆಲುಬಿನಲ್ಲಿ ಬಿರುಕು ಬಿಡುವ ಭಯವಿದ್ದರೆ, ಪಿಚರ್ ಹುಡುಗರಿಗೆ ಮೊಣಕೈ ಮತ್ತು ಭುಜದ ಭಯ. ಯಜಮಾನರಿಗೆ ಇದನ್ನು ಅರ್ಥ ಮಾಡಿಸಲು ಹತ್ತಿರದ ಹೋಲಿಕೆಯೆಂದರೆ, ಬೌಂಡರಿ ಗೆರೆಯಿಂದ ವಿಕೆಟ್‌ಕೀಪರ್ ಕೈಗೆ ನೇರವಾಗಿ ಎಸೆಯುವ ಎಸೆತ. ಅಂಥ ಎಸೆತವನ್ನು ಅವರು ಒಂದು ಪಂದ್ಯದಲ್ಲಿ ಎಷ್ಟು ಸಲ ಎಸೆದಿದ್ದರು ಎಂದು ನೆನಪಿಸಿಕೊಳ್ಳಲಿ. ಮಗ ಒಂದೇ ಮಧ್ಯಾಹ್ನದಲ್ಲಿ ಎಪ್ಪತ್ತು, ಎಂಬತ್ತು ಸಲ ಎಸೆಯುತ್ತಾನೆ. ತೋಳು ಎಸೆಯುವುದರಿಂದ ಗಟ್ಟಿಯಾಗುತ್ತದೆ ಎಂಬುದು ಅರ್ಧ ಸತ್ಯ. ಎಸೆತದ ನಡುವಿನ ಬಿಡುವಿನಲ್ಲಿ ಅದು ಗಟ್ಟಿಯಾಗುತ್ತದೆ ಎಂಬುದು ಉಳಿದರ್ಧ.

ಈ ವಿಷಯದಲ್ಲಿ ಕೇವಲ ಅನುಭವದ ಮಾತನ್ನು ನೆಚ್ಚಬೇಕಾಗಿಲ್ಲ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ದಶಕಗಳಿಂದ ಎಳೆಯ ಪಿಚರ್‌ಗಳನ್ನು ಅಧ್ಯಯನ ಮಾಡುತ್ತಿದೆ. ಅಲ್ಲಿಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭುಜ ಅಥವಾ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ 95 ಹದಿಹರೆಯದ ಪಿಚರ್‌ಗಳನ್ನು ದೊಡ್ಡ ಗಾಯವಾಗದ 45 ಮಂದಿಯೊಂದಿಗೆ ಹೋಲಿಸಿದರು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸ್ಪರ್ಧೆಯಲ್ಲಿ ಪಿಚ್ ಮಾಡಿದವರಿಗೆ ಶಸ್ತ್ರಚಿಕಿತ್ಸೆಯ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. ತೋಳು ದಣಿದಿದ್ದರೂ ಪಿಚ್ ಮಾಡುವ ರೂಢಿಯಿದ್ದವರಿಗೆ ಮೂವತ್ತಾರು ಪಟ್ಟು. ಅದೇ ಸಂಸ್ಥೆ 9ರಿಂದ 14 ವರ್ಷದ 481 ಮಕ್ಕಳನ್ನು ಹತ್ತು ವರ್ಷ ಬೆನ್ನುಹತ್ತಿ ನೋಡಿ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಯಾವುದೇ ವರ್ಷ ನೂರು ಇನಿಂಗ್ಸ್‌ಗಿಂತ (ಬೇಸ್‌ಬಾಲ್‌ನ ಇನಿಂಗ್ಸ್ ಚಿಕ್ಕದು, ಎದುರಾಳಿಯ ಮೂವರು ಔಟಾದರೆ ಪಿಚರ್‌ನ ಸರದಿ ಮುಗಿಯುತ್ತದೆ) ಹೆಚ್ಚು ಪಿಚ್ ಮಾಡಿದವರಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು ಇತ್ತು. ಮೂವತ್ತಾರು ಪಟ್ಟು ಎಂಬ ಆ ಸಂಖ್ಯೆಯನ್ನು ಮೊದಲ ಸಲ ಓದಿದಾಗ ನಾನು ಎಣಿಕೆಯಲ್ಲಿ ತಪ್ಪಿರಬೇಕೆಂದು ಮತ್ತೊಮ್ಮೆ ಓದಿದ್ದೆ. ದಣಿದ ತೋಳಿನಿಂದ ಎಸೆಯುವುದು ಎಳೆಯ ಪಿಚರ್‌ಗಳ ತೋಳಿಗೆ ಬಹು ದೊಡ್ಡ ಅಪಾಯ.

ಇಂಥ ತಿಳಿವಳಿಕೆಯ ಆಧಾರದ ಮೇಲೆಯೇ ಲಿಟಲ್ ಲೀಗ್ 2007ರಿಂದ ಇನಿಂಗ್ಸ್ ಎಣಿಸುವುದನ್ನು ಬಿಟ್ಟು ಪಿಚ್‌ಗಳನ್ನು, ಅಂದರೆ ಬ್ಯಾಟರ್‌ಗೆ ಎಸೆದ ಪ್ರತಿ ಚೆಂಡನ್ನು, ಎಣಿಸತೊಡಗಿತು. 11 ಮತ್ತು 12ರ ವಯಸ್ಸಿನವರು ದಿನಕ್ಕೆ 85 ಪಿಚ್ ದಾಟುವಂತಿಲ್ಲ. 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ, 51ರಿಂದ 65 ಎಸೆದರೆ ಮೂರು ದಿನ, 36ರಿಂದ 50ಕ್ಕೆ ಎರಡು ದಿನ, 21ರಿಂದ 35ಕ್ಕೆ ಒಂದು ದಿನ ವಿಶ್ರಾಂತಿ. ನಿಮ್ಮ ಮಗ ಕ್ಯಾಚರ್ ಕೂಡ ಆಗಿರುವುದರಿಂದ ಇನ್ನೊಂದು ನಿಯಮ ನಿಮಗೆ ಮುಖ್ಯ. 41 ಪಿಚ್ ಎಸೆದವನು ಆ ದಿನ ಮತ್ತೆ ಕ್ಯಾಚರ್ ಆಗಿ ಕೂರುವಂತಿಲ್ಲ, ನಾಲ್ಕು ಇನಿಂಗ್ಸ್ ಕ್ಯಾಚರ್ ಆಗಿದ್ದವನು ಆ ದಿನ ಪಿಚ್ ಮಾಡುವಂತಿಲ್ಲ. ಕ್ಯಾಚರ್ ಪ್ರತಿ ಚೆಂಡನ್ನೂ ಪಿಚರ್‌ಗೆ ವಾಪಸ್ ಎಸೆಯುತ್ತಾನೆ, ನಡುನಡುವೆ ಎರಡನೇ ಬೇಸಿಗೆ (ಓಟಗಾರ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಒಂದು) ಪೂರ್ತಿ ಶಕ್ತಿಯಿಂದ ಎಸೆಯುತ್ತಾನೆ ಎಂಬುದನ್ನು ನೋಡುವವರು ಮರೆಯುತ್ತಾರೆ. ಈ ಎರಡು ಸ್ಥಾನಗಳನ್ನು ಒಬ್ಬನೇ ಹುಡುಗ ಹೊರುವುದು ನನಗೆ ಒಪ್ಪಿಗೆಯಿಲ್ಲ, ಒಂದನ್ನು ಬಿಡಿಸಿ.

ಪುಸ್ತಕದಲ್ಲಿ ಬರೆಯುವ ಲೆಕ್ಕ ಬ್ಯಾಟರ್‌ಗೆ ಎಸೆದ ಪಿಚ್‌ಗಳದ್ದು ಮಾತ್ರ. ಪಂದ್ಯಕ್ಕೆ ಮೊದಲು ಬದಿಯಲ್ಲಿ ನಿಂತು ಎಸೆದದ್ದು, ಪ್ರತಿ ಇನಿಂಗ್ಸ್ ಮುಂಚೆ ಎಸೆಯಲು ಅವಕಾಶವಿರುವ ಎಂಟು ಪಿಚ್‌ಗಳು, ಮರುದಿನ ಮನೆಯಂಗಳದಲ್ಲಿ ಅಪ್ಪನೊಂದಿಗೆ ಎಸೆದದ್ದು ಯಾವುದೂ ಅದರಲ್ಲಿ ಸೇರುವುದಿಲ್ಲ. ಎರಡು ತಂಡಗಳಿದ್ದರಂತೂ ಕಷ್ಟ ಹೆಚ್ಚು. ಮಕ್ಕಳ ಗಾಯಗಳಿಗೆ ಫಿಸಿಯೋಥೆರಪಿ ಮಾಡುವ ನಾನು ಕೆಲವು ವರ್ಷ ಮಕ್ಕಳ ತಂಡವೊಂದಕ್ಕೆ ಸ್ವಯಂಸೇವೆಯ ಕೋಚ್ ಕೂಡ ಆಗಿದ್ದೆ. ಒಂದು ಭಾನುವಾರ ನಮ್ಮ ಪಿಚರ್ ಡಗೌಟ್‌ನಲ್ಲಿ ಕುಳಿತು ನೀರಿನ ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಮುಚ್ಚಳವನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದ. ಅವನು ಬಲಗೈಯವನು. ಕೇಳಿದರೆ ಏನೂ ಇಲ್ಲ ಎಂದ. ಬಲಗೈ ಚಾಚು ಎಂದಾಗ ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ, ಒಳಬದಿಯ ಮೂಳೆಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಕಣ್ಣಲ್ಲಿ ನೀರು ಬಂತು. ಹಿಂದಿನ ದಿನವಷ್ಟೇ ಇನ್ನೊಂದು ತಂಡಕ್ಕೆ ಅವನು ನಾಲ್ಕು ಇನಿಂಗ್ಸ್ ಪಿಚ್ ಮಾಡಿದ್ದ. ನಮ್ಮ ಪುಸ್ತಕದಲ್ಲೂ ಅವರ ಪುಸ್ತಕದಲ್ಲೂ ಲೆಕ್ಕ ಸರಿಯಾಗಿಯೇ ಇತ್ತು. ನಾನು ಅಂದು ಬೆಳಗ್ಗೆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಕೇಳಿರಲಿಲ್ಲ. ಅಂದಿನಿಂದ ಪ್ರತಿ ಪಂದ್ಯಕ್ಕೂ ಮೊದಲು ಪ್ರತಿ ಪಿಚರ್‌ನ ಮೊಣಕೈ ನೆಟ್ಟಗಾಗುತ್ತದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಂಡೆ. ಈ ಪರೀಕ್ಷೆಯನ್ನು ನೀವೂ ಮನೆಯಲ್ಲಿ ಮಾಡಬಹುದು. ಎರಡೂ ಅಂಗೈ ಮೇಲಾಗಿ ತೋಳು ಚಾಚಿಸಿ, ಎರಡೂ ಒಂದೇ ಸಮ ನೆಟ್ಟಗಿವೆಯೇ ನೋಡಿ.

ಈಗ ಕ್ಯಾಲೆಂಡರ್ ವಿಷಯಕ್ಕೆ ಬರುತ್ತೇನೆ. ಅಮೆರಿಕದ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಅಲ್ಲಿನ ರಾಷ್ಟ್ರೀಯ ಸಂಸ್ಥೆಯಾದ ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಹೊರತಂದ ‘ಪಿಚ್ ಸ್ಮಾರ್ಟ್’ ಸೂಚನೆಗಳ ಪ್ರಕಾರ, 9ರಿಂದ 12 ವರ್ಷದವರು ಹನ್ನೆರಡು ತಿಂಗಳಲ್ಲಿ 80 ಇನಿಂಗ್ಸ್ ದಾಟಬಾರದು, ಮತ್ತು ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆತದಿಂದ ದೂರವಿರಬೇಕು. ಅದರಲ್ಲಿ ಎರಡು ಮೂರು ತಿಂಗಳು ಎಡೆಬಿಡದೆ ಒಟ್ಟಿಗೆ ಬರಬೇಕು. ಹೆಚ್ಚಿನ ಮನೆಗಳಲ್ಲಿ ಮೊದಲು ತಂಡಗಳ ದಿನಾಂಕಗಳನ್ನು ತುಂಬಿ, ಉಳಿದರೆ ಬಿಡುವು ಎನ್ನುತ್ತಾರೆ. ಹಾಗೆ ಮಾಡಿದರೆ ಬಿಡುವಿಗೆ ಜಾಗವೇ ಉಳಿಯುವುದಿಲ್ಲ. ನೀವು ಮೊದಲು ಈ ನಾಲ್ಕು ತಿಂಗಳನ್ನು ಗುರುತು ಹಾಕಿ, ಆಮೇಲೆ ಉಳಿದ ಎಂಟರಲ್ಲಿ ಆಟವನ್ನು ಹೊಂದಿಸಿ. ಮೈಸೂರಿನಲ್ಲಿ ಕಳೆದ ಆಗಸ್ಟ್ ಒಂದು ತಿಂಗಳಾಯಿತು. ಅದು ನಿಮಗೆ ತಿಳಿಯದೆಯೇ ಆದ ಒಳ್ಳೆಯ ಕೆಲಸ. ನವೆಂಬರ್, ಡಿಸೆಂಬರ್, ಜನವರಿ ಉಳಿದ ಮೂರು. ನ್ಯೂ ಜೆರ್ಸಿಯ ಚಳಿ ತಾನಾಗಿಯೇ ಮೈದಾನ ಮುಚ್ಚುವ ಈ ತಿಂಗಳುಗಳಲ್ಲಿ ಒಳಾಂಗಣಕ್ಕೆ ಕರೆದೊಯ್ದು ಎಸೆಯಿಸುವುದು, ಹವಾಮಾನವೇ ಕೊಟ್ಟ ವಿಶ್ರಾಂತಿಯನ್ನು ಹಣ ತೆತ್ತು ಕಳೆದುಕೊಂಡಂತೆ. ಹಾಗಾಗಿ ಚಳಿಗಾಲದ ಪಿಚಿಂಗ್ ತರಬೇತಿ ಬೇಡ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಫಾಲ್ ಬಾಲ್ ವಿಷಯದಲ್ಲಿ, ವೈದ್ಯರು ಒಪ್ಪಿದರೆ, ನನ್ನ ಉತ್ತರ ಹೌದು. ಆದರೆ ಲಿಟಲ್ ಲೀಗ್‌ನ ಒಂದೇ ತಂಡದಲ್ಲಿ, ಮತ್ತು ಸ್ಪ್ರಿಂಗ್ ಸೀಸನ್ನಿನ ಮುಂದುವರಿಕೆಯಾಗಿ ಅಲ್ಲ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಕೊನೆಯವರೆಗೆ ನಡೆಯುವ ಈ ಆಟದಲ್ಲಿ ಸಾಮಾನ್ಯವಾಗಿ ಅಂಕಪಟ್ಟಿಯ ಒತ್ತಡವಿರುವುದಿಲ್ಲ. ಸ್ಪ್ರಿಂಗ್‌ನಲ್ಲಿ ಗೆಲ್ಲಬೇಕೆಂಬ ಆತುರಕ್ಕೆ ಚೆನ್ನಾಗಿ ಆಡುವ ಹುಡುಗನನ್ನು ಕೋಚ್ ಅದೇ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ತಪ್ಪು ಮಾಡಿ ಕಲಿಯಲು ಅಲ್ಲಿ ಅವಕಾಶ ಸಿಗುವುದಿಲ್ಲ, ಅದು ಸಿಗುವುದು ಫಾಲ್‌ನಲ್ಲಿ. ನಿಮ್ಮ ಮಗ ಸೆಂಟರ್ ಫೀಲ್ಡ್‌ನಲ್ಲಿ ನಿಂತು ತಲೆಯ ಮೇಲೆ ಹೋಗುವ ಚೆಂಡಿಗೆ ಬೆನ್ನು ತಿರುಗಿಸಿ ಓಡುವುದನ್ನು, ಎರಡನೇ ಬೇಸ್‌ನಲ್ಲಿ ಕಾಲು ಬದಲಿಸುವುದನ್ನು, ಮೊದಲ ಬೇಸ್‌ನಲ್ಲಿ ನೆಲಕ್ಕೆ ಬಡಿದು ಬರುವ ಎಸೆತವನ್ನು ಎತ್ತಿಕೊಳ್ಳುವುದನ್ನು ಕಲಿಯಲಿ. ಈ ಮೊದಲ ಬೇಸ್‌ನಲ್ಲಿ ಎಸೆಯುವ ಕೆಲಸವೂ ಕಡಿಮೆ. ಪಿಚಿಂಗ್ ಇದ್ದರೆ ವಾರಕ್ಕೆ ಒಮ್ಮೆ, ಒಂದು ಅಥವಾ ಎರಡು ಇನಿಂಗ್ಸ್, ಅದೂ ತಿಂಗಳ ಬಿಡುವಿನ ನಂತರ ಮೂರು ನಾಲ್ಕು ವಾರ ಹಗುರ ಎಸೆತದಿಂದ ತೋಳನ್ನು ಪಳಗಿಸಿಕೊಂಡ ಮೇಲೆ. ಆ ಇನಿಂಗ್ಸ್‌ಗಳಲ್ಲಿ ಫಾಸ್ಟ್‌ಬಾಲ್‌ನಂತೆಯೇ ತೋಳು ಬೀಸಿ ನಿಧಾನವಾಗಿ ಹೋಗುವ ಚೇಂಜ್‌ಅಪ್ ಅಭ್ಯಾಸ ಮಾಡಲಿ. ಗಾಳಿಯಲ್ಲಿ ಬಾಗಿ ಹೋಗುವ ಕರ್ವ್‌ಬಾಲ್ ಕಲಿಸುತ್ತೇವೆ ಎಂದವರಿಗೆ ಈಗ ಬೇಡ ಎನ್ನಿ.

ಫಾಲ್ ಬಾಲ್‌ಗೆ ಇನ್ನೂ ಒಂದು ಪ್ರಯೋಜನವಿದೆ. ಲಿಟಲ್ ಲೀಗ್‌ನಲ್ಲಿ ವಯಸ್ಸನ್ನು ಆಗಸ್ಟ್ 31ಕ್ಕೆ ಲೆಕ್ಕ ಹಾಕುವುದರಿಂದ ಮುಂದಿನ ಸ್ಪ್ರಿಂಗ್‌ನಲ್ಲಿ ನಿಮ್ಮ ಮಗ ಹನ್ನೆರಡರವನಾಗಿ ಆಡುತ್ತಾನೆ; ಅದು ಚಿಕ್ಕ ಮೈದಾನದ ಕೊನೆಯ ವರ್ಷ. ಈಗ ಅವನು 46 ಅಡಿಯಿಂದ ಪಿಚ್ ಮಾಡುತ್ತಾನೆ, ಬೇಸ್‌ಗಳ ನಡುವೆ 60 ಅಡಿ ಓಡುತ್ತಾನೆ. ಮುಂದೆ ದೊಡ್ಡ ಮೈದಾನಕ್ಕೆ ಹೋದಾಗ ಪಿಚಿಂಗ್ ದೂರ 60 ಅಡಿ 6 ಇಂಚು, ಬೇಸ್‌ಗಳ ನಡುವೆ 90 ಅಡಿ. ಹದಿಮೂರರ ಹುಡುಗರಲ್ಲಿ ಅನೇಕರು ಆಟ ಬಿಡುವುದನ್ನು ನಾನು ಕಂಡಿರುವುದು ಈ ನೆಗೆತದಲ್ಲೇ. ನಿನ್ನೆಯವರೆಗೆ ಸಲೀಸಾಗಿ ತಲುಪುತ್ತಿದ್ದ ಚೆಂಡು ಇದ್ದಕ್ಕಿದ್ದಂತೆ ತಲುಪುವುದಿಲ್ಲ, ಆ ಕೊರತೆಯನ್ನು ತೋಳಿನಿಂದಲೇ ತುಂಬಲು ಹೋಗಿ ನೋವು ಮಾಡಿಕೊಳ್ಳುತ್ತಾರೆ. ನಡುವೆ ಮೆಟ್ಟಿಲಿನಂತೆ 50 ಅಡಿ ಪಿಚಿಂಗ್, 70 ಅಡಿ ಬೇಸ್‌ಗಳ ಒಂದು ವಿಭಾಗವೂ ಲಿಟಲ್ ಲೀಗ್‌ನಲ್ಲಿದೆ, 11ರಿಂದ 13 ವರ್ಷದವರಿಗೆ. ನಿಮ್ಮ ಊರಿನ ಲೀಗ್ ಫಾಲ್‌ನಲ್ಲಿ ಅದನ್ನು ನಡೆಸುತ್ತಿದ್ದರೆ, ಪಿಚರ್ ಆಗಿ ಅಲ್ಲದೆ ಫೀಲ್ಡರ್ ಆಗಿ ಅದರ ರುಚಿ ನೋಡುವುದು ಒಳ್ಳೆಯದು.

ಹಿಂದೆ ಬೀಳುವ ಭಯದ ಬಗ್ಗೆ ಬರೆದಿದ್ದೀರಿ. ಫಾಲ್ ಲೀಗ್ ಎಂಬ ಕಲ್ಪನೆ ವೃತ್ತಿಪರ ಆಟದಲ್ಲೂ ಇದೆ. 1992ರಲ್ಲಿ ಆರಂಭವಾದ ಅರಿಜೋನಾ ಫಾಲ್ ಲೀಗ್‌ಗೆ ಮೇಜರ್ ಲೀಗ್ ತಂಡಗಳು ತಮ್ಮ ಭರವಸೆಯ ಯುವ ಆಟಗಾರರನ್ನು ಕಳುಹಿಸುತ್ತವೆ. ಬ್ಯಾಸ್ಕೆಟ್‌ಬಾಲ್ ಬಿಟ್ಟು 1994ರಲ್ಲಿ ಬೇಸ್‌ಬಾಲ್‌ಗೆ ಬಂದ ಮೈಕಲ್ ಜೋರ್ಡನ್ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಎಂಬ ಕೆಳಹಂತದ ವೃತ್ತಿಪರ ತಂಡದಲ್ಲಿ ಕೇವಲ .202 ಬ್ಯಾಟಿಂಗ್ ಸರಾಸರಿ (ಸುಮಾರು ಐದು ಯತ್ನಗಳಲ್ಲಿ ಒಂದು ಯಶಸ್ವಿ ಹೊಡೆತ) ಗಳಿಸಿದ್ದರು. ಆ ಶರತ್ಕಾಲದಲ್ಲಿ ಅವರನ್ನು ಅರಿಜೋನಾಕ್ಕೆ ಕಳುಹಿಸಲಾಯಿತು, ಅಲ್ಲಿ ಸರಾಸರಿ .252ಕ್ಕೆ ಏರಿತು. ಹೆಚ್ಚು ಪಿಚ್‌ಗಳನ್ನು ಎದುರಿಸುವುದು ಅವರಿಗೆ ಬೇಕಿತ್ತು, ಅದಕ್ಕಾಗಿ ಹೋದರು. ಯಾವ ಆಟಗಾರನಿಗೆ ಏನು ಕಡಿಮೆಯಾಗಿದೆಯೋ ಅದನ್ನು ತುಂಬಿಕೊಳ್ಳುವುದು ಅಲ್ಲಿನ ಉದ್ದೇಶ. ನಿಮ್ಮ ಮಗನಿಗೆ ಪಿಚಿಂಗ್ ಕಡಿಮೆಯಾಗಿಲ್ಲ. ಮಾರ್ಚ್‌ನಿಂದ ಜುಲೈವರೆಗೆ ಅವನು ಅದನ್ನು ಸಾಕಷ್ಟು ಮಾಡಿದ್ದಾನೆ. ಅದು ಅತಿಯಾದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಪಿಚರ್ ಟಾಮಿ ಜಾನ್ ಅವರ ಮೊಣಕೈಗೆ 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲ ಬಾರಿ ಮಾಡಿದ ಲಿಗಮೆಂಟ್ ಮರುಜೋಡಣೆಯ ಶಸ್ತ್ರಚಿಕಿತ್ಸೆ, ಅಂದು ಮೂವತ್ತೊಂದು ವಯಸ್ಸಿನ ಒಬ್ಬ ವೃತ್ತಿಪರನ ಕೊನೆಯ ಆಸೆಯಾಗಿತ್ತು. ಇಂದು ಹೈಸ್ಕೂಲು ಹುಡುಗರಿಗೆ ಅದು ನಡೆಯುತ್ತಿದೆ. ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ತೋಳು ಮೊದಲಿಗಿಂತ ಬಲವಾಗುತ್ತದೆ ಎಂದು ನಂಬುವ ಪೋಷಕರನ್ನೂ ನಾನು ಭೇಟಿಯಾಗಿದ್ದೇನೆ. ಅದು ಸುಳ್ಳು ನಂಬಿಕೆ, ದಯವಿಟ್ಟು ಯಾರೂ ಅದಕ್ಕೆ ಕಿವಿಗೊಡಬೇಡಿ.

ಎಸೆತಕ್ಕೆ ಬಿಡುವು ಎಂದರೆ ದೇಹಕ್ಕೆ ಬಿಡುವು ಎಂದಲ್ಲ. ಸಾಕರ್ ಆಡಲು ಅವನನ್ನು ಖಂಡಿತ ಬಿಡಿ. ಓಡುವುದು, ಥಟ್ಟನೆ ದಿಕ್ಕು ಬದಲಿಸುವುದು, ಒಂದೇ ಕಾಲಿನ ಮೇಲೆ ತೂಗಿಕೊಳ್ಳುವುದು ಎಲ್ಲವೂ ಪಿಚರ್‌ಗೆ ಬೇಕಾದದ್ದೇ. ಎಸೆತದ ವೇಗ ಹುಟ್ಟುವುದು ಕಾಲು ಮತ್ತು ಸೊಂಟದಲ್ಲಿ, ತೋಳು ಅದನ್ನು ಕೊನೆಗೆ ದಾಟಿಸುತ್ತದೆ ಅಷ್ಟೆ. ಚಳಿಗಾಲದಲ್ಲಿ ವಾರಕ್ಕೆ ಮೂರು ದಿನ, ಅರ್ಧ ಗಂಟೆಯಷ್ಟು, ಮನೆಯಲ್ಲೇ ಬಸ್ಕಿ, ದಂಡ, ಪ್ಲ್ಯಾಂಕ್, ಒಂಟಿಕಾಲಿನ ಮೇಲೆ ಬಾಗಿ ಏಳುವುದು, ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ಹೆಗಲ ಹಿಂದಿನ ಸ್ನಾಯುಗಳಿಗಾಗಿ ಎಳೆಯುವುದು ಸಾಕು. ಬಸ್ಕಿ ಮತ್ತು ದಂಡವನ್ನು ನಿಮ್ಮ ಯಜಮಾನರೇ ಚೆನ್ನಾಗಿ ಕಲಿಸಬಲ್ಲರು, ಮಗನೊಂದಿಗೆ ಅವರೂ ಮಾಡಿದರೆ ಇನ್ನೂ ಒಳ್ಳೆಯದು. ಬ್ಯಾಟಿಂಗ್ ಅಭ್ಯಾಸಕ್ಕೆ ಗ್ಯಾರೇಜ್‌ನಲ್ಲಿ ಒಂದು ಬಲೆ ಕಟ್ಟಿ, ಟೀ ಎಂಬ ಗೂಟದ ಮೇಲೆ ಚೆಂಡಿಟ್ಟು ವಾರಕ್ಕೆ ಎರಡು ಮೂರು ಸಲ ಇಪ್ಪತ್ತು ನಿಮಿಷ ಹೊಡೆಯಲಿ. ತೂಕದ ಚೆಂಡುಗಳನ್ನು ಎಸೆಯಿಸುವ ಮತ್ತು ಪ್ರತಿ ಎಸೆತಕ್ಕೂ ವೇಗ ಅಳೆಯುವ ಯಂತ್ರ ಹಿಡಿಯುವ ತರಬೇತಿಯಿಂದ ಈ ವಯಸ್ಸಿನಲ್ಲಿ ದೂರವಿರಿ.

ಇನ್ನೊಂದು ಸಣ್ಣ ಕೆಲಸವನ್ನು ಮಾಡಿ. ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ತಿಂಗಳ ಒಂದನೇ ತಾರೀಕು ಅವನ ಎತ್ತರವನ್ನು ಪೆನ್ಸಿಲಿನಿಂದ ಗುರುತು ಮಾಡಿ. ಹನ್ನೆರಡರಿಂದ ಹದಿನೈದರ ನಡುವೆ ಯಾವಾಗಲೋ ಗೆರೆಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಮೂಳೆ ಉದ್ದವಾಗಿ ಸ್ನಾಯು ಇನ್ನೂ ಹೊಂದಿಕೊಳ್ಳದ ಆ ತಿಂಗಳುಗಳಲ್ಲಿ ಹುಡುಗನ ಎಸೆತ ದಾರಿ ತಪ್ಪುತ್ತದೆ, ಗಾಯಕ್ಕೂ ಅವನು ಹೆಚ್ಚು ಸುಲಭವಾಗಿ ಸಿಗುತ್ತಾನೆ. ಆಗ ಗದರಿಸದೆ ಪಿಚಿಂಗ್ ಕಡಿಮೆ ಮಾಡಿ.

ಫೆಬ್ರವರಿ ಮೊದಲ ವಾರದಲ್ಲಿ ಎಸೆತವನ್ನು ಮತ್ತೆ ಆರಂಭಿಸಬಹುದು. ದಿನ ಬಿಟ್ಟು ದಿನ, ಮೊದಲು 30 ಅಡಿ ದೂರದಿಂದ ಇಪ್ಪತ್ತೈದು ಹಗುರ ಎಸೆತ. ನೋವಿಲ್ಲದಿದ್ದರೆ ವಾರವಾರ ದೂರವನ್ನೂ ಎಣಿಕೆಯನ್ನೂ ಸ್ವಲ್ಪ ಸ್ವಲ್ಪ ಏರಿಸಿ, ಆದರೆ ಎರಡನ್ನೂ ಒಂದೇ ದಿನ ಏರಿಸಬೇಡಿ. ಐದಾರು ವಾರ ಕಳೆದು, ಮಾರ್ಚ್ ನಡುವಿನಲ್ಲಿ ಮೌಂಡ್ (ಪಿಚರ್ ನಿಲ್ಲುವ ದಿಬ್ಬ) ಮೇಲಿನಿಂದ ಅರ್ಧ ಶಕ್ತಿಯಲ್ಲಿ ಪಿಚ್ ಮಾಡಲಿ. ಏಪ್ರಿಲ್‌ನ ಪಂದ್ಯಗಳಿಗೆ ಇದು ಸರಿಹೋಗುತ್ತದೆ. ನಡುವೆ ಎಲ್ಲಿ ನೋವು ಕಂಡರೂ ಒಂದು ಹೆಜ್ಜೆ ಹಿಂದೆ ಹೋಗಿ ಎರಡು ದಿನ ಬಿಟ್ಟು ನೋಡಿ, ಮತ್ತೆ ಬಂದರೆ ವೈದ್ಯರ ಬಳಿಗೆ ಹೋಗಿ.

ಟ್ರಾವೆಲ್ ತಂಡದ ಕೋಚ್‌ಗೆ ಏನು ಹೇಳುವುದೆಂದು ನಿಮಗೆ ಮುಜುಗರವಿರಬಹುದು. ವಾದಕ್ಕೆ ಇಳಿಯಬೇಡಿ. ಮೊಣಕೈ ನೋವಿದೆ, ವೈದ್ಯರಿಗೆ ತೋರಿಸುತ್ತಿದ್ದೇವೆ, ಫಾಲ್‌ನಲ್ಲಿ ಒಂದೇ ತಂಡದಲ್ಲಿ ಆಡುತ್ತಾನೆ, ನವೆಂಬರ್‌ನಿಂದ ಜನವರಿವರೆಗೆ ಎಸೆಯುವುದಿಲ್ಲ, ಫೆಬ್ರವರಿಯಲ್ಲಿ ನಿಮ್ಮೊಂದಿಗೆ ಮಾತನಾಡುತ್ತೇವೆ ಎಂದು ಬರೆದು ಕಳುಹಿಸಿ. ಒಳ್ಳೆಯ ಕೋಚ್ ಇದಕ್ಕೆ ಧನ್ಯವಾದ ಹೇಳುತ್ತಾರೆ. ಹಾಗಾದರೆ ಜಾಗ ಉಳಿಯುವುದಿಲ್ಲ ಎನ್ನುವವರ ಕೈಗೆ ನಿಮ್ಮ ಮಗನ ತೋಳನ್ನು ಒಪ್ಪಿಸಬೇಡಿ. ಹನ್ನೆರಡರ ಹುಡುಗರಿಗೆ ಬೇರೆ ತಂಡಗಳು ಸಿಗುತ್ತವೆ.

ಕೊನೆಯದಾಗಿ, ಒಂದು ನೂರು ಪುಟದ ನೋಟ್‌ಬುಕ್ ತಂದು ಮಗನ ಕೈಗೇ ಕೊಡಿ. ದಿನಾಂಕ, ಆಡಿದ ಸ್ಥಾನ, ಎಸೆದ ಪಿಚ್‌ಗಳ ಸಂಖ್ಯೆ, ರಾತ್ರಿ ಮೊಣಕೈ ಹೇಗಿತ್ತು, ಬೆಳಗ್ಗೆ ಹೇಗಿತ್ತು ಎಂದು ಅವನೇ ಬರೆಯಲಿ. ಅಪ್ಪ ಅಮ್ಮ ಕೇಳಿದರೆ ಏನೂ ಇಲ್ಲ ಎನ್ನುವ ಹುಡುಗರು ಪುಸ್ತಕದಲ್ಲಿ ನಿಜ ಬರೆಯುವುದನ್ನು ನಾನು ಹಲವು ಸಲ ನೋಡಿದ್ದೇನೆ. ಈ ವಾರ ವೈದ್ಯರಲ್ಲಿಗೆ ಹೋಗುವ ಮೊದಲು, ಜೂನ್ ಮತ್ತು ಜುಲೈ ತಿಂಗಳ ಪಂದ್ಯಗಳಲ್ಲಿ ಅವನು ಎಷ್ಟು ಪಿಚ್ ಎಸೆದನೆಂಬುದನ್ನು ತಂಡದವರಿಂದ ಕೇಳಿ ಮೊದಲ ಪುಟದಲ್ಲಿ ಬರೆದುಕೊಂಡು ಹೋಗಿ; ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದಾಗಿರುತ್ತದೆ.